ಏನೂ ಅಲ್ಲದ ಗೆರೆ

ಚಿತ್ರ ಬಿಡಿಸುವ ಸಾಮಾನಿನ ಅಂಗಡಿಯಾಕೆ ಕೇಳಿದ್ದು ತೀರಾ ಸಾದಾ ಪ್ರಶ್ನೆ. "ಏನು ಬಿಡಿಸ್ತೀರಿ?" ಹೂವು ಅಂದರೆ ಒಂದು ಖಾನೆ, ಮುಖ ಅಂದರೆ ಇನ್ನೊಂದು, ಗುಡ್ಡ ಹೊಳೆ ಸೂರ್ಯ ಅಂದರೆ ಕೆಳಗಿನ ಕಪಾಟು. ಯಾವ ಉತ್ತರ ಬಂದರೂ ಕೈ ಎಲ್ಲಿಗೆ ಹೋಗಬೇಕು ಅನ್ನುವುದು ಅವಳಿಗೆ ಮೊದಲೇ ಗೊತ್ತಿತ್ತು. ಮಾಸ್ತರಮ್ಮ ಸ್ವಲ್ಪ ಯೋಚಿಸಿ, "ಏನೂ ಇಲ್ಲ," ಅಂದಳು.

"ಏನೂ ಇಲ್ಲ ಅಂದ್ರೆ?"

"ಗೆರೆ ಎಳೀಬೇಕು ಅಂತ. ಬರೀ ಗೆರೆ. ಅದು ಯಾವುದರದ್ದೂ ಆಗಿರಬಾರದು."

ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿ ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಐವತ್ತು ದಾಟಿದ ಹೆಂಗಸು, ಬಿಗಿದು ಕಟ್ಟಿದ ಕೂದಲು, ಕುತ್ತಿಗೆಯಲ್ಲಿ ತೆಗೆಯಲು ಮರೆತ ಇಂಚು ಟೇಪು. "ಅದಕ್ಕೂ ಸಾಮಾನು ಬೇಕಲ್ಲ, ಬನ್ನಿ," ಅಂದಳು. ವ್ಯಾಪಾರಕ್ಕೆ ಕೂತವರಿಗೆ ಹುಚ್ಚರೂ ಒಂದೇ, ಜಾಣರೂ ಒಂದೇ.

ಮಾಸ್ತರಮ್ಮ ಅಂದಮಾತ್ರಕ್ಕೆ ಶಾಲೆಯಲ್ಲಿ ಪಾಠ ಹೇಳುವವಳಲ್ಲ. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿ ಕತ್ತರಿಸುವವರನ್ನು ಕಟಿಂಗ್ ಮಾಸ್ತರ್ ಅನ್ನುವುದು ರೂಢಿ. ಆ ಜಾಗಕ್ಕೆ ಹೆಂಗಸೊಬ್ಬಳು ಬಂದಾಗ ಹಳಬರು ಅದಕ್ಕೇ ಒಂದು ಅಮ್ಮ ಸೇರಿಸಿ ಸುಮ್ಮನಾದರು. ಅದಾಗಿ ಕಾಲು ಶತಮಾನವೇ ಕಳೆದಿತ್ತು. ಕಿಟಕಿಯ ಪಕ್ಕದ ದೊಡ್ಡ ಮೇಜು ಅವಳದು. ಕೆನೆ ಬಣ್ಣ, ತಿಳಿ ಬೂದು, ಹಾಲು ಬಿಳಿ, ಇಂಥ ಬೆಲೆಬಾಳುವ ಬಟ್ಟೆಯನ್ನೆಲ್ಲ ಆ ಮೇಜಿನ ಮೇಲೆಯೇ ಹಾಸಬೇಕು, ಅವಳೇ ಕತ್ತರಿಸಬೇಕು. ಕಪ್ಪು, ಕಡುನೀಲಿ ಬಟ್ಟೆಗಳು ಒಳಗಡೆ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಹಿಂದಿನ ಮೇಜಿಗೆ ಹೋಗುತ್ತಿದ್ದವು. ಅಲ್ಲಿ ನಿಲ್ಲುವವರು ಕೆಲಸ ಕಲಿಯುವವರು, ಕೈ ಇನ್ನೂ ಹದಕ್ಕೆ ಬಾರದವರು. ಯಾರು ಎಷ್ಟು ದೊಡ್ಡವರು ಅಂತ ಕಾರ್ಖಾನೆಯಲ್ಲಿ ಕೇಳಬೇಕಾಗಿರಲಿಲ್ಲ, ಅವರು ಯಾವ ಬೆಳಕಿನಲ್ಲಿ ನಿಂತಿದ್ದಾರೆ ಅಂತ ನೋಡಿದರೆ ಸಾಕಿತ್ತು.

ತಿಳಿ ಬಟ್ಟೆಗೆ ಕೈಯ ಕೊಳೆಯೇ ಶತ್ರು. ಹಿಂದೊಮ್ಮೆ ಯಾರದೋ ಎಣ್ಣೆಬೆರಳು ಕೆನೆ ಬಣ್ಣದ ಕೋಟೊಂದರ ಎದೆಯ ಮೇಲೆ ಕೂತು ಇಡೀ ಕೋಟೇ ಹಾಳಾಗಿತ್ತು. ಆಗ ಮಾಸ್ತರಮ್ಮನೇ ಒಂದು ಪದ್ಧತಿ ತಂದಳು. ಬಾಗಿಲ ಪಕ್ಕದ ಹಲಗೆಗೆ ಒಂದು ಬಿಳಿ ಬಟ್ಟೆ ಬಿಗಿದಿಟ್ಟಳು. ತಿಳಿ ಬಟ್ಟೆ ಮುಟ್ಟುವವರು ಬೆಳಿಗ್ಗೆ ಕೈ ತೊಳೆದು, ಒರೆಸಿ, ಅದಕ್ಕೆ ಎರಡೂ ಅಂಗೈ ಒತ್ತಬೇಕು. ಗುರುತು ಬಿತ್ತೋ, ಮತ್ತೆ ನಲ್ಲಿಗೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದು ಹೊರಗಿನವರ ಗಾದೆ. ಇಲ್ಲಿ ಕೈ ಕೆಸರಾದರೆ ಮಾಸ್ತರಮ್ಮನ ಬಾಯಿಂದ ಬರುತ್ತಿದ್ದದ್ದು ಮೊಸರಲ್ಲ.

ಇಂಥವಳ ತಲೆಗೆ ಗೆರೆಯ ಹುಳ ಹೊಕ್ಕದ್ದು ಒಂದು ಮಧ್ಯಾಹ್ನ ಕರೆಂಟು ಹೋದಾಗ. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು, ಎಲ್ಲರೂ ಚಹಾಕ್ಕೆ ಹೊರಟರು. ಅವಳು ಒಂದು ಚೂರು ಬಟ್ಟೆ ಮುಂದಿಟ್ಟುಕೊಂಡು ಕೈಯಲ್ಲಿದ್ದ ಸೀಮೆಸುಣ್ಣವನ್ನು ಸುಮ್ಮನೆ ಓಡಿಸುತ್ತ ಕೂತಳು. ಅಳತೆಯಿಲ್ಲ, ಆರ್ಡರಿಲ್ಲ, ಯಾರ ಎದೆಯೂ ಅಲ್ಲ, ಯಾರ ಸೊಂಟವೂ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಚೂರಿನ ತುಂಬ ಗೆರೆಗಳು, ಅವುಗಳಲ್ಲಿ ಒಂದು ತಾನು ಎಳೆದದ್ದೇ ಅಲ್ಲವೇನೋ ಅನ್ನುವ ಹಾಗೆ ಅಡ್ಡಾದಿಡ್ಡಿ ಹೋಗಿ ಅಂಚು ದಾಟಿತ್ತು. ಅವಳಿಗೆ ಸಂತೋಷವಾಯಿತು. ಯಾರೋ ಹೊಗಳಿದಾಗ ಆಗುವಂಥದ್ದಲ್ಲ, ಕಾರಣ ಕೇಳಿದರೆ ಹೇಳಲು ಬಾರದಂಥ ಸಂತೋಷ. ಅಷ್ಟರಲ್ಲಿ ಕರೆಂಟು ಬಂತು. ಕಸ ಗುಡಿಸುವಾಕೆ ಚೂರನ್ನು ಕೊಡವಿ ಚೀಲಕ್ಕೆ ತುಂಬಿದಳು.

ಅವತ್ತು ಸಂಜೆ ಬಸ್ಸಿನ ಕಂಬಿ ಹಿಡಿದು ನಿಂತು ಅವಳು ಯೋಚಿಸಿದಳು. ಇಷ್ಟು ವರ್ಷ ಎಳೆದ ಗೆರೆಗಳಲ್ಲಿ ಒಂದಾದರೂ ಎಲ್ಲಾದರೂ ಉಳಿದಿದೆಯೆ? ಕತ್ತರಿಯ ಬಾಯಿಗೆ ಹೋದವು ಹೋದವು, ಮಿಕ್ಕವು ಬ್ರಷ್ಷಿಗೆ, ಇಸ್ತ್ರಿಗೆ. ಕೋಟು ಚೆನ್ನಾಗಿ ಬಂತು ಅಂದರೆ ಅವಳ ಗೆರೆ ಪೂರ್ತಿ ಹೋಯಿತು ಅಂತಲೇ ಅರ್ಥ. ತನ್ನದು ಅನ್ನುವಂಥ ಒಂದು ಗೆರೆ ಬೇಕು, ಅದು ಉಳಿಯಬೇಕು, ಅವಳ ಆಸೆ ಇಷ್ಟೇ. ಇಂಥ "ಇಷ್ಟೇ"ಗಳೇ ಮನುಷ್ಯರನ್ನು ಹೆಚ್ಚು ಅಲೆದಾಡಿಸುವುದು.

ಅಂಗಡಿಯಾಕೆ ಮೊದಲು ಕೊಟ್ಟದ್ದು ಪೆನ್ಸಿಲು. ಗಟ್ಟಿ, ಮೆದು, ಮೆದುವಿನಲ್ಲಿ ಮೆದು, ಹೀಗೆ ಒಂದು ಡಬ್ಬಿ. ಮಾಸ್ತರಮ್ಮ ತಮ್ಮನ ಮನೆಯಲ್ಲಿದ್ದಳು. ತಮ್ಮ ಲಿಫ್ಟು ರಿಪೇರಿಯವನು, ಅವನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರೂ ಒಳ್ಳೆಯವರು, ಅವರ ಒಳ್ಳೆಯತನ ಬಾಗಿಲು ತಟ್ಟದೆ ಒಳಗೆ ಬರುವಂಥದ್ದು ಅಷ್ಟೆ. ಮಾಸ್ತರಮ್ಮನ ಕೋಣೆಯಲ್ಲಿ ಮಂಚ, ಬೀರು, ಕಿಟಕಿಗೆ ಆನಿಸಿದ ಒಂದು ಮೇಜು, ಅದರಾಚೆ ಕಾಲು ನೀಡಲು ಇಷ್ಟು ಜಾಗ. ಆ ಮೇಜಿನ ಮೇಲೆ ಕಾಗದ ಹಾಸಿ ಅವಳು ಪೆನ್ಸಿಲು ಹಿಡಿದಳು. ಪೆನ್ಸಿಲು ಹೇಳಿದ ಮಾತು ಕೇಳಿತು. ಇಲ್ಲಿ ನಿಲ್ಲು ಅಂದರೆ ನಿಂತಿತು, ಅಲ್ಲಿ ತಿರುಗು ಅಂದರೆ ತಿರುಗಿತು. ಎರಡು ವಾರಕ್ಕೆ ಅವಳಿಗೆ ಅದರ ವಿಧೇಯತೆಯೇ ಬೇಸರ ತಂದಿತು. ಶಾಯಿಯ ಸೀಸೆ ತಂದಳು, ಅದು ಮೇಜಿನ ಮೇಲೆ ಉರುಳಿತು. ಆ ಕಲೆಯನ್ನು ಉಜ್ಜಿ ತೆಗೆಯುವಷ್ಟರಲ್ಲಿ ಶಾಯಿಯ ಮೇಲಿನ ಆಸೆಯೂ ಹೋಯಿತು.

"ಹಾಗಾದ್ರೆ ಇದ್ದಿಲು ತಗೊಳ್ಳಿ," ಅಂದಳು ಅಂಗಡಿಯಾಕೆ. ಬೆರಳಷ್ಟು ದಪ್ಪದ ಗಟ್ಟಿ ಇದ್ದಿಲಿನ ಕಡ್ಡಿಗಳು, ಜೊತೆಗೆ ಒರಟು ಮೈಯ ದಪ್ಪ ಕಾಗದ. "ಇದು ಮಾತ್ರ ಯಾರ ಮಾತೂ ಕೇಳಲ್ಲ, ಈಗಲೇ ಹೇಳಿರ್ತೀನಿ."

ಕೇಳಲಿಲ್ಲ. ಒತ್ತಿದರೆ ಮುರಿಯಿತು, ಸವರಿದರೆ ಹರಡಿತು, ಗೆರೆ ಎಳೆಯಲು ಹೋದರೆ ಒಂದು ಮೋಡ ಬಿತ್ತು. ಕಾಗದದ ಒರಟು ಬೆರಳಿಗೆ ತಾಗುತ್ತಿತ್ತು, ಕಡ್ಡಿ ಕಿರಗುಟ್ಟುವ ಸದ್ದು ಮೊಣಕೈವರೆಗೂ ಬರುತ್ತಿತ್ತು. ಮಾಸ್ತರಮ್ಮ ಊಟಕ್ಕೆ ಕರೆದದ್ದೂ ಕೇಳದೆ ನಿಂತಿದ್ದಳು. ತಮ್ಮನ ಹೆಂಡತಿ ಬಾಗಿಲಲ್ಲಿ ಇಣುಕಿ, "ಅತ್ತಿಗೆ, ಲಾರಿ ಟೈರು ಬಿಚ್ಚಿ ಬಂದವರ ಹಾಗೆ ಕಾಣ್ತಿದ್ದೀರಲ್ಲ," ಅಂದಾಗಲೇ ಅವಳು ತನ್ನ ಕೈ ನೋಡಿಕೊಂಡದ್ದು. ಮುಂಗೈವರೆಗೆ ಕಪ್ಪು. ನಗು ಬಂತು. ಸೋಪು ಹಚ್ಚಿ ತೊಳೆದು ಊಟಕ್ಕೆ ಕೂತಳು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ, ಎಲ್ಲರಂತೆ, ಬಿಳಿ ಬಟ್ಟೆಗೆ ಅಂಗೈ ಒತ್ತಿದಳು. ತೆಗೆದು ನೋಡಿದರೆ ಹೆಬ್ಬೆಟ್ಟು ಮತ್ತು ತೋರುಬೆರಳಿನ ಜಾಗದಲ್ಲಿ ಬೂದು ಗೀರುಗಳು. ಕತ್ತರಿಯ ಹಿಡಿ ಒತ್ತಿ ಒತ್ತಿ ಆ ಎರಡು ಬೆರಳ ಚರ್ಮ ಬಿರಿದಿತ್ತು. ಇದ್ದಿಲು ಆ ಬಿರುಕುಗಳಲ್ಲಿ ಮನೆ ಮಾಡಿಕೊಂಡಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಅದನ್ನು ನೋಡಿದರು. ತಾನೇ ಮಾಡಿದ ಕಾನೂನು ತನ್ನ ತಲೆಗೇ ಬಂದು ಕೂತಿತ್ತು. ಹಿಂದಿನ ಮೇಜಿನಲ್ಲಿ ಕಪ್ಪು ಬಟ್ಟೆ ಕತ್ತರಿಸುವ ಎರಡನೇ ಮಾಸ್ತರು, ಮೂವತ್ತೈದರ ಹೆಂಗಸು, ಸದ್ದಿಲ್ಲದೆ ಸೋಪು ತಂದುಕೊಟ್ಟಳು. ಮಾಸ್ತರಮ್ಮ ನಲ್ಲಿಯ ಕೆಳಗೆ ಉಪ್ಪು ಹಾಕಿ ಉಜ್ಜಿದಳು, ಬ್ರಷ್ಷು ಹಾಕಿ ಉಜ್ಜಿದಳು, ಬೆರಳು ಕೆಂಪಾಗಿ ಉರಿಯತೊಡಗಿದ ಮೇಲೆ ಬಿಳಿ ಬಟ್ಟೆ ಅವಳನ್ನು ಒಳಗೆ ಬಿಟ್ಟಿತು. ಅವಳಿಗೆ ಬಹಳ ನಾಚಿಕೆಯಾಯಿತು. ಮಾಲೀಕ ಗಡಿಯಾರ ನೋಡಿದ, ಅಷ್ಟೆ.

"ಅದಕ್ಯಾಕೆ ಚಿಂತೆ, ಕಾಲೇಜು ಹುಡುಗೀರೆಲ್ಲ ಇದನ್ನ ಹಾಕ್ಕೋತಾರೆ," ಅಂತ ಅಂಗಡಿಯಾಕೆ ತೆಳ್ಳನೆಯ ರಬ್ಬರ್ ಕೈಗವಸು ಕೊಟ್ಟಳು. ಹಾಕಿಕೊಂಡು ನೋಡಿದರೆ ಕೈಗೆ ನೆಗಡಿ ಬಂದ ಹಾಗಾಯಿತು. ಕಾಗದ ಒರಟೋ ನುಣುಪೋ ತಿಳಿಯದು, ಕಡ್ಡಿ ಎಷ್ಟು ಒತ್ತಿದೆ ಅನ್ನುವುದೂ ತಿಳಿಯದು. ಮಾಸ್ತರಮ್ಮ ಇದ್ದಿಲಿನ ಡಬ್ಬಿಯನ್ನು ಬೀರುವಿನ ಮೇಲಕ್ಕೆ ಎಸೆದು ಬಿಟ್ಟಳು. ಅನ್ನ ಕೊಡುವ ಕೈಗೆ ಮಸಿ ಬಳಿದುಕೊಳ್ಳುವ ವಯಸ್ಸೇನು ಇದು, ಅಂತ ತನಗೆ ತಾನೇ ಬೈದುಕೊಂಡಳು.

ಆ ವಾರ ಕಾರ್ಖಾನೆಗೆ ಹೊಸ ಇಸ್ತ್ರಿ ಪೆನ್ನುಗಳ ಪೆಟ್ಟಿಗೆ ಬಂತು. ಇಸ್ತ್ರಿ ಪೆನ್ನು ಅಂದರೆ ಬಟ್ಟೆಯ ಮೇಲೆ ಸಣ್ಣ ಗುರುತು ಹಾಕುವ ನೀಲಿ ಪೆನ್ನು. ಹೊಲಿಗೆ ಮುಗಿದ ಮೇಲೆ ಬಿಸಿ ಇಸ್ತ್ರಿ ತಾಗಿಸಿದರೆ ಗುರುತು ಮಾಯ. ಪೆಟ್ಟಿಗೆ ಬಂದಾಗಲೆಲ್ಲ ಪರೀಕ್ಷೆ ಮಾಡಿ ಒಳಗೆ ತೆಗೆದುಕೊಳ್ಳುವುದು ಅವಳ ಕೆಲಸ. ಚೂರು ಬಟ್ಟೆಯ ಮೇಲೆ ಗೀಚಿದಳು, ಇಸ್ತ್ರಿ ಆಡಿಸಿದಳು, ಬೆಳಕಿಗೆ ಹಿಡಿದು ನೋಡಿದಳು. ಗೆರೆಯ ಸುಳಿವೂ ಇರಲಿಲ್ಲ. "ಸಾಮಾನು ಚೆನ್ನಾಗಿದೆ," ಅಂದಳು. ನೀರಿನಂತೆ ಹರಿಯುತ್ತದೆ, ಬಣ್ಣ ಚೊಕ್ಕ, ಕೈಗೆ ಅಂಟುವುದಿಲ್ಲ. ಇಷ್ಟು ದಿನ ಅಂಗಡಿಗೆ ಅಲೆದದ್ದೆಲ್ಲ ದಂಡ ಅನ್ನಿಸಿ, ಅದರಲ್ಲಿ ಎರಡನ್ನು ಕೇಳಿ ಮನೆಗೆ ತಂದಳು. ಜೊತೆಗೆ ಕೋಟಿನ ಮಾದರಿ ಬರೆಯುವ ಬಿಳಿ ಕಾಗದದ ಸುರುಳಿಯಲ್ಲಿ ಮಿಕ್ಕ ಒಂದಿಷ್ಟು.

ನೀವು ನಗಬಹುದು. ಕಾಲು ಶತಮಾನ ಒಬ್ಬಳ ಮಟ್ಟಿಗೆ "ಚೆನ್ನಾಗಿದೆ" ಅಂದರೆ "ಗುರುತಿಲ್ಲದೆ ಹೋಗುತ್ತದೆ" ಅಂತಲೇ ಅರ್ಥವಾಗಿದ್ದರೆ, ಆ ಅರ್ಥ ಮನೆಗೆ ಬಂದ ಕೂಡಲೇ ಚಪ್ಪಲಿಯ ಜೊತೆ ಬಾಗಿಲಾಚೆ ನಿಲ್ಲುವುದಿಲ್ಲ. ಉಳಿಯುವ ಗೆರೆ ಬೇಕು ಅಂತ ಹೊರಟವಳು ಲೋಕದಲ್ಲೇ ಅತಿ ಚೆನ್ನಾಗಿ ಅಳಿಯುವ ಪೆನ್ನನ್ನು ಆರಿಸಿಕೊಂಡಳು, ಮತ್ತು ಆರಿಸಿದ್ದು ಸರಿ ಅಂತ ನಿಶ್ಚಿಂತೆಯಿಂದ ಇದ್ದಳು.

ಮಳೆಗಾಲ ಕಳೆದು ಚಳಿ ಕಾಲಿಡುವವರೆಗೂ ಅವಳು ಸಂಜೆ ಸಂಜೆ ಕೂತು ಗೆರೆ ಎಳೆದಳು. ನೀಲಿ ಗೆರೆಗಳು ಒಂದರ ಪಕ್ಕ ಒಂದು ಬಾಗಿದವು, ಒಂದರೊಳಗೊಂದು ತೂರಿದವು. ಕೈ ತೊಳೆಯುವ ತಾಪತ್ರಯವೂ ಇಲ್ಲ. ಬೆಳಿಗ್ಗೆ ಅಂಗೈ ಒತ್ತಿದರೆ ಬಿಳಿ ಬಟ್ಟೆ ಬಿಳಿಯಾಗಿಯೇ ಇರುತ್ತಿತ್ತು. ಒಳ್ಳೆಯದು ಅನ್ನಿಸಿದ ಹಾಳೆಗಳನ್ನು ಸುರುಳಿ ಸುತ್ತಿ ಬೀರುವಿನ ಪಕ್ಕ ನಿಲ್ಲಿಸುತ್ತಿದ್ದಳು. ಕರೆಂಟು ಹೋದ ಮಧ್ಯಾಹ್ನದ ಸಂತೋಷ ಮತ್ತೆ ಬಂತೆ ಅಂತ ಯಾರಾದರೂ ಕೇಳಿದ್ದರೆ ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

ಒಂದು ದಿನ ತಮ್ಮನ ಹೆಂಡತಿ ಸುರುಳಿಯೊಂದನ್ನು ಬಿಚ್ಚಿ ನೋಡಿದಳು. "ಅತ್ತಿಗೆ, ಇಷ್ಟೆಲ್ಲ ಮಾಡಿ ಮೂಲೇಲಿ ಯಾಕೆ ಇಟ್ಟಿದ್ದೀರಿ? ಒಂದನ್ನ ಹಾಲ್‌ನಲ್ಲಿ ಹಾಕೋಣ. ಬಂದವರಿಗೆ ನಮ್ಮ ಅತ್ತಿಗೆ ಮಾಡಿದ್ದು ಅಂತ ಹೇಳ್ತೀನಿ."

ಮಾಸ್ತರಮ್ಮನಿಗೆ ಒಳಗೊಳಗೇ ಹಿಗ್ಗಾಯಿತು. ಗೆರೆ ಉಳಿಯಲು ಗೋಡೆಗಿಂತ ಒಳ್ಳೆಯ ಜಾಗ ಯಾವುದು? ಆದರೆ ಸುರುಳಿ ಸುತ್ತಿಟ್ಟ ಕಾಗದ ಚೌಕಟ್ಟಿಗೆ ಕೂರುವುದಿಲ್ಲ, ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತದೆ. ಸುಕ್ಕಾದದ್ದು, ಸುರುಟಿದ್ದು ಏನೇ ಇದ್ದರೂ ಎಲ್ಲಿಗೆ ಒಯ್ಯಬೇಕು ಅನ್ನುವುದು ಅವಳ ರಕ್ತದಲ್ಲೇ ಇತ್ತು. ಮರುದಿನ ಎಲ್ಲ ಹಾಳೆಗಳನ್ನೂ ಕಂಕುಳಲ್ಲಿ ಅವುಚಿಕೊಂಡು ಕಾರ್ಖಾನೆಯ ಇಸ್ತ್ರಿಯವನ ಮುಂದೆ ನಿಂತಳು. ಅವನು ಅವಳಿಗಿಂತ ಹಳಬ, ಮಾತು ಕಡಿಮೆ, ಕೈ ಅಚ್ಚುಕಟ್ಟು.

"ಅಣ್ಣಾ, ಇವನ್ನ ಸ್ವಲ್ಪ ಎಳೆದುಕೊಡಿ. ಹಬೆ ಬೇಡ, ಒಣ ಇಸ್ತ್ರಿ. ಚೆನ್ನಾಗಿ ಕಾದಿರಲಿ."

"ಊಟಕ್ಕೆ ಮುಂಚೆ ಕೊಡ್ತೀನಿ, ಇಟ್ಟು ಹೋಗಿ."

ಊಟದ ಗಂಟೆಗೆ ಮುಂಚೆಯೇ ಅವನು ಹಾಳೆಗಳನ್ನು ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದು ಕಿಟಕಿಯ ಮೇಜಿಗೆ ತಂದ. ಮೇಲಿಂದ ಕೆಳಗಿನವರೆಗೂ ಗಾಜಿನಂತೆ ನೆಟ್ಟಗೆ. "ನೋಡ್ಕೊಳ್ಳಿ ಮಾಸ್ತರಮ್ಮ, ಒಂದು ಗೆರೆ ಉಳಿದಿಲ್ಲ," ಅಂದ. ಅವಳು ಮೇಲಿನ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವನ ಕೈಯಿಂದ ಬಂದ ಪ್ರತಿಯೊಂದನ್ನೂ ನೋಡುವ ಹಾಗೆ ಓರೆಮಾಡಿ ನೋಡಿದಳು, ನಾಲ್ಕು ಮೂಲೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು. "ಚೆನ್ನಾಗಿ ಬಂದಿದೆ," ಅಂದಳು. ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋದ.

ಹಾಳೆಯನ್ನು ಕೆಳಗಿಟ್ಟು ಇಂಚು ಟೇಪು ಕೈಗೆ ತೆಗೆದುಕೊಂಡ ಮೇಲೆ ಅವಳಿಗೆ ತಾನು ನೋಡಿದ್ದು ಏನು ಅಂತ ಹೊಳೆಯಿತು. ಎರಡನೇ ಹಾಳೆ ಎತ್ತಿದಳು, ಮೂರನೆಯದು ಎತ್ತಿದಳು. ಆಮೇಲೆ ಎತ್ತಲಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯನ್ನು ಕಾಯಿಸಿ ಕೊಡಿ ಅಂತ ಕುಂಬಾರನೇ ಹೇಳಿ ಬಂದಿದ್ದ. ಅವಳಿಗೆ ಅಳು ಬರಲಿಲ್ಲ. ಕೆಲಸದ ಹೊತ್ತಲ್ಲಿ ಯಾವತ್ತೂ ಕೂರದವಳು ಸ್ಟೂಲು ಎಳೆದು ಕೂತದ್ದನ್ನು ನೋಡಿ ಇಸ್ತ್ರಿಯವನು ಮತ್ತೆ ಬಂದ.

"ಏನಾಯ್ತು? ಅದು ಬೇಕಿದ್ದ ಗೆರೆನಾ?"

"ಹೂಂ."

ಅವನು ಹಾಳೆಗಳನ್ನೂ ಅವಳನ್ನೂ ನೋಡಿದ. ತಪ್ಪು ತನ್ನದೋ ಅಲ್ಲವೋ ಅನ್ನುವುದು ಅವನಿಗೆ ಬಗೆಹರಿಯಲಿಲ್ಲ. "ಬೇಕಿದ್ದ ಗೆರೆ ನನ್ನ ಹತ್ರ ಯಾಕೆ ತಂದ್ರಿ ಮಾಸ್ತರಮ್ಮ?" ಅಂದ. ಬೈಗುಳವಾಗಿರಲಿಲ್ಲ ಅದು, ನಿಜವಾಗಿಯೂ ಕೇಳಿದ್ದ. ಅವಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಸುರುಳಿ ಸುತ್ತಿದಳು.

ಮನೆಯಲ್ಲಿ ತಮ್ಮನ ಹೆಂಡತಿ ಅವಳಿಗಿಂತ ಹೆಚ್ಚು ಸಂಕಟಪಟ್ಟಳು. ಹಾಲ್‌ನಲ್ಲಿ ಹಾಕೋಣ ಅಂತ ಹೇಳಿ ತಾನೇ ಎಲ್ಲ ಕೆಡಿಸಿದೆ ಅಂತ ಅವಳ ಹಳಹಳಿ. ಸಾಮಾನ್ಯವಾಗಿ ಹಳಹಳಿಸಿ ಬಿಡುವವಳಲ್ಲ ಅವಳು. ಎರಡು ದಿನ ಫೋನಿನಲ್ಲಿ ಹುಡುಕಾಡಿ, ಔಷಧಿ ಅಂಗಡಿಗೆ ಬರುವವರನ್ನೆಲ್ಲ ಕೇಳಿ, ಆ ಶಾಯಿ ಬಿಸಿಗೆ ಹೋದರೂ ಕಡು ಚಳಿಗೆ ವಾಪಸ್ ಬರುತ್ತದೆ ಅನ್ನುವುದನ್ನು ಪತ್ತೆ ಹಚ್ಚಿದಳು. ಫ್ರಿಜ್ಜಿನ ಮೇಲಿನ ಮಂಜಿನ ಖಾನೆಯಿಂದ ಬಟಾಣಿ ಪೊಟ್ಟಣಗಳನ್ನು ಹೊರಗೆ ಹಾಕಿ, ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ತುರುಕಿದಳು. ಬೆಳಿಗ್ಗೆ ತೆಗೆದರೆ ಗೆರೆಗಳೆಲ್ಲ ಬಂದಿದ್ದವು. ಮೊದಲಿನ ಗಾಢ ನೀಲಿಯಲ್ಲ, ಸ್ವಲ್ಪ ಮಾಸಲು, ಆದರೆ ಒಂದೂ ಬಿಡದೆ ಬಂದಿದ್ದವು. ಅವಳು ಊಟದ ಮೇಜಿನ ತುಂಬ ಹರಡಿ, "ಅತ್ತಿಗೆ, ಬನ್ನಿ ಇಲ್ಲಿ," ಅಂತ ಕರೆದಳು.

ಮಾಸ್ತರಮ್ಮ ಬಂದು ನಿಂತಳು. ಅವಳ ಎದೆ ಒಮ್ಮೆ ಹಗುರಾಯಿತು. ತಮ್ಮ ಹಲ್ಲುಜ್ಜುತ್ತ ಬಂದವನು ಬಗ್ಗಿ ನೋಡಿದ. ಅವನು ಈ ಹಾಳೆಗಳನ್ನು ನೋಡಿದ್ದು ಅದೇ ಮೊದಲು.

"ಅಕ್ಕ, ಇದು ಕೋಟಿನ ತೋಳು ಅಲ್ವಾ?"

"ರೀ, ಸುಮ್ನಿರಿ," ಅಂದಳು ಹೆಂಡತಿ.

"ಅಲ್ಲ ಕಣೇ, ನೋಡು. ಇದು ತೋಳು. ಇದು ಕಾಲರ್. ಇಲ್ಲಿ ಮತ್ತೆ ತೋಳು." ಅವನು ಹಲ್ಲುಜ್ಜುವ ಬ್ರಷ್ಷಿನ ತುದಿಯಲ್ಲಿ ತೋರಿಸಿದ. ಮನಸ್ಸಿನಲ್ಲಿ ಕಪಟವಿಲ್ಲದವರು ಇಂಥ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ ಅಕ್ಕ, ಹಾಗಾಯ್ತು ನಿನ್ನ ಕಥೆ. ಇಸ್ತ್ರಿಗೂ ಹೋಗಲಿಲ್ಲ ನೋಡು."

ಮಾಸ್ತರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹಾಳೆಗಳನ್ನು ಬಾಚಿಕೊಂಡು ಕೋಣೆಗೆ ಹೋದಳು. ಕಂಕುಳ ತಿರುವನ್ನು ಬರೆಯಲು ಬಳಸುವ ಬಾಗಿದ ಮರದ ಪಟ್ಟಿಯನ್ನು ಚೀಲದಿಂದ ತೆಗೆದಳು. ಅವನ ಬಾಯಿ ಮುಚ್ಚಿಸಬೇಕು ಅಂತಲೇ ತೆಗೆದದ್ದು. ಮೊದಲ ಹಾಳೆಯ ನಡುವಿನ ದೊಡ್ಡ ಬಾಗಿನ ಮೇಲೆ ಇಟ್ಟಳು. ಪಟ್ಟಿ ಕೂದಲಿನಷ್ಟೂ ಆಚೀಚೆ ಆಗದೆ ಗೆರೆಯ ಮೇಲೆ ಕೂತಿತು. ಪಕ್ಕದ ಬಾಗಿನ ಮೇಲಿಟ್ಟಳು, ಅಲ್ಲೂ ಕೂತಿತು. ಎರಡನೇ ಹಾಳೆ, ಅದರ ಕೆಳಗಿನ ಹಾಳೆ, ಎಲ್ಲದರಲ್ಲೂ ಅದೇ. ಇಷ್ಟು ಸಂಜೆಗಳು ಬಾಗಿಲು ಹಾಕಿಕೊಂಡು ಕೂತು ಅವಳು ಎಳೆದದ್ದು ಮೈಯಿಲ್ಲದ ತೋಳುಗಳನ್ನು, ಕುತ್ತಿಗೆಯಿಲ್ಲದ ಕಾಲರುಗಳನ್ನು. ಹೇಳಿದ ಮಾತು ಕೇಳುವ ಪೆನ್ನು ಕೊಟ್ಟರೆ ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಗಿತ್ತು.

ಗೆರೆಗಳು ಹೋದ ದಿನ ಆದದ್ದಕ್ಕಿಂತ ಅವು ವಾಪಸ್ ಬಂದ ದಿನ ಅವಳಿಗೆ ಹೆಚ್ಚು ದುಃಖವಾಯಿತು. ಹೋದಾಗ ತನ್ನದೇನೋ ಹೋಯಿತು ಅನ್ನುವುದಾದರೂ ಇತ್ತು.

ಆ ಭಾನುವಾರ ಅವಳು ಕುರ್ಚಿ ಹತ್ತಿ ಬೀರುವಿನ ಮೇಲಿಂದ ಇದ್ದಿಲಿನ ಡಬ್ಬಿ ಇಳಿಸಿದಳು. ಒರಟು ಕಾಗದವನ್ನು ನೆಲದ ಮೇಲೆ ಹಾಸಿದಳು. ಮೇಜಿನ ಎತ್ತರದಲ್ಲಿ ನಿಂತರೆ ಕೈಗೆ ಕಾರ್ಖಾನೆ ನೆನಪಾಗುತ್ತದೆ ಅಂತ ಅನ್ನಿಸಿ ಮಂಡಿಯೂರಿ ಕೂತಳು. ಕಡ್ಡಿಯನ್ನು ಪೆನ್ನಿನಂತೆ ಹಿಡಿದರೆ ಮತ್ತೆ ತೋಳು ಬರತೊಡಗಿತು. ಮುರಿದಳು. ತುಂಡನ್ನು ಅಡ್ಡ ಮಲಗಿಸಿ ಅಂಗೈಯಿಂದ ಒತ್ತಿ ತಳ್ಳಿದಳು. ಅದು ಎಡವುತ್ತ, ಹಾರುತ್ತ, ಕಾಗದದ ಉಬ್ಬಿಗೆ ಹತ್ತಿ ತಗ್ಗನ್ನು ಬಿಟ್ಟು ಹೋಯಿತು. ಬಹಳ ಹಾಳೆ ಕೆಟ್ಟವು. ಕೆಲವು ಸುಮ್ಮನೆ ಕೊಳಕಾಗಿದ್ದವು, ಗೋಡೆಗೆ ಬೆನ್ನು ಆನಿಸಿದ ಗುರುತಿನ ಹಾಗೆ. ಬೆನ್ನು ನೋಯತೊಡಗಿತು. ತಮ್ಮನ ಹೆಂಡತಿ ಚಹಾ ತಂದು, ನೆಲ ನೋಡಿ, ಹೊಸಿಲ ಬಳಿಯೇ ಇಟ್ಟು ಹೋದಳು. ಚಹಾ ಆರಿಹೋಯಿತು.

ಬಿಸಿಲು ಮಂಚದ ಕಾಲಿನವರೆಗೆ ಬಂದಾಗ ಒಂದು ಗೆರೆ ಬಂತು. ಎಡಗಡೆ ಕೆಳಗೆ ದಪ್ಪವಾಗಿ ಹೊರಟು, ನಡುವೆ ಉಸಿರು ಕಟ್ಟಿದ ಹಾಗೆ ತೆಳುವಾಗಿ, ಒಂದು ಕಡೆ ಪೂರ್ತಿ ನಿಂತೇ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಬೇರೆ ದಿಕ್ಕಿನಿಂದ ಮತ್ತೆ ಎದ್ದಿತ್ತು. ಮಾಸ್ತರಮ್ಮ ಹಿಂದಕ್ಕೆ ಕೂತು ನೋಡಿದಳು. ಅದು ಯಾರ ತೋಳೂ ಅಲ್ಲ, ಯಾರ ಸೊಂಟವೂ ಅಲ್ಲ, ಏನೂ ಅಲ್ಲ. ಚೆಂದವಿದೆಯೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ತನ್ನದು ಅನ್ನುವುದು ಮಾತ್ರ ಗೊತ್ತಾಯಿತು, ಅದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳು ಗಟ್ಟಿಯಾಗಿ ನಕ್ಕಳು. ಆ ನಗುವಿನ ನಡುವೆಯೇ ತನ್ನ ಕೈ ಕಂಡಿತು. ಬಿರುಕು ಬಿರುಕಿನಲ್ಲೂ ಕಪ್ಪು ಕೂತಿತ್ತು. ನಾಳೆ ಸೋಮವಾರ.

ಅವಳು ಕೈ ತೊಳೆದಳು, ಆದರೆ ಉಪ್ಪು ಹಾಕಿ ಉಜ್ಜಲಿಲ್ಲ. ಉಜ್ಜಿದರೆ ನಾಳೆಗಾಯಿತು, ನಾಡಿದ್ದು? ಇನ್ನು ಮೇಲೆ ಪ್ರತಿ ಸಂಜೆಯೂ ಇದೇ ಕೈ, ಪ್ರತಿ ಬೆಳಿಗ್ಗೆಯೂ ಅದೇ ಬಿಳಿ ಬಟ್ಟೆ. ಎರಡು ದೋಣಿಗೆ ಕಾಲಿಟ್ಟು ಹೊಳೆ ದಾಟಿದವರು ಯಾರೂ ಇಲ್ಲ. ಪೆನ್ನು ತಂದ ದಿನ ತಾನು ಮಾಡಲು ಹೋದದ್ದು ಅದನ್ನೇ ಅಂತ ಅವಳಿಗೆ ಈಗ ಅರ್ಥವಾಯಿತು.

ಸೋಮವಾರ ಬೆಳಿಗ್ಗೆ ಅವಳು ಸಾಲಿನಲ್ಲಿ ನಿಲ್ಲಲಿಲ್ಲ. ಬಿಳಿ ಬಟ್ಟೆಯ ಮುಂದೆ ಹಾದು ನೇರ ಮಾಲೀಕನ ಗಾಜಿನ ಕೋಣೆಗೆ ಹೋದಳು. "ನನ್ನನ್ನ ಹಿಂದಿನ ಮೇಜಿಗೆ ಹಾಕಿ," ಅಂದಳು. "ಕಪ್ಪು ಬಟ್ಟೆ ನಾನು ನೋಡ್ಕೋತೀನಿ. ಕಿಟಕಿಗೆ ಎರಡನೇ ಮಾಸ್ತರನ್ನ ನಿಲ್ಲಿಸಿ, ಕೈ ಹದ ಬಂದಿದೆ ಅವಳಿಗೆ."

ಮಾಲೀಕ ಕುಡಿಯುತ್ತಿದ್ದ ಲೋಟ ಕೆಳಗಿಟ್ಟ. "ಕಣ್ಣಿಗೇನಾದ್ರೂ ಆಗಿದೆಯಾ?"

"ಕಣ್ಣು ಚೆನ್ನಾಗಿದೆ."

"ಯಾರಾದ್ರೂ ಏನಾದ್ರೂ ಅಂದ್ರಾ?"

ಅವಳು ಎರಡೂ ಕೈಗಳನ್ನು ಅವನ ಮೇಜಿನ ಮೇಲೆ ಚಾಚಿದಳು. "ಇದ್ದಿಲು. ಸಂಜೆ ಮನೇಲಿ ಗೆರೆ ಎಳೀತೀನಿ. ಇದು ಪೂರ್ತಿ ಹೋಗಲ್ಲ, ನಾಳೆಯೂ ಇರುತ್ತೆ."

"ಏನಕ್ಕೆ ಗೆರೆ?"

"ಏನಕ್ಕೂ ಅಲ್ಲ."

ಅವನು ಆ ಕೈಗಳನ್ನು ಬಹಳ ಹೊತ್ತು ನೋಡಿದ. ಕೆಟ್ಟವನಲ್ಲ ಅವನು, ಗಾಬರಿಯಾಗಿದ್ದ. "ಮಾಸ್ತರಮ್ಮ, ಇದು ಮೇಲಿಂದ ಕೆಳಗಿಳಿದ ಹಾಗೆ. ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಬಿಳಿ ಬಟ್ಟೆ ಕೊಡೋರು ನಿಮ್ಮ ಕೈ ನೋಡಿ ಕೊಡ್ತಾರೆ. ಆ ಗೆರೆ ಬಿಡೋಕಾಗಲ್ವಾ?"

ಅವನು ಮರ್ಯಾದೆಯಿಂದ ಕೇಳಿದ್ದರಿಂದ ಅವಳೂ ಮರ್ಯಾದೆಯಿಂದ ಯೋಚಿಸಿದಳು. ಗಾಜಿನಾಚೆ ಅವಳ ಮೇಜು ಕಾಣುತ್ತಿತ್ತು. ಶನಿವಾರವೇ ಯಾರೋ ಹಾಸಿಟ್ಟ ಕೆನೆ ಬಣ್ಣದ ಬಟ್ಟೆಯ ಮೇಲೆ ಬೆಳಗಿನ ಬೆಳಕು ಬಿದ್ದಿತ್ತು.

"ಕಿಟಕಿ ಬಿಡೋಕಾಗುತ್ತೆ," ಅಂದಳು.

ತನ್ನ ಕತ್ತರಿ, ಪಟ್ಟಿ, ಸೀಮೆಸುಣ್ಣದ ಡಬ್ಬಿ ಇಷ್ಟನ್ನು ಎತ್ತಿಕೊಂಡು ಅವಳು ಹಿಂದಕ್ಕೆ ನಡೆದಳು. ಯಂತ್ರಗಳ ಸದ್ದು ಒಂದೊಂದಾಗಿ ಕಡಿಮೆಯಾಗಿ, ಮತ್ತೆ ಒಂದೊಂದಾಗಿ ಶುರುವಾಯಿತು. ಮಾಲೀಕ ಕಿಟಕಿಗೆ ಹೋಗು ಅಂತ ಹೇಳಿಕಳಿಸಿದ ಮೇಲೂ ಎರಡನೇ ಮಾಸ್ತರು ಹಿಂದಿನ ಮೇಜಿನ ಬಳಿ ಏನು ಮಾಡಬೇಕು ತಿಳಿಯದೆ ನಿಂತಿದ್ದಳು. "ಮಾಸ್ತರಮ್ಮ, ನಾನು ಹೇಗೆ…" ಅಂತ ಶುರುಮಾಡಿದಳು.

"ಕೈ ಒತ್ತಿ ಬಂದೆಯಾ?"

"ಈಗಷ್ಟೇ ಒತ್ತಿ ಬಂದೆ."

"ಮತ್ತೇನು, ಹೋಗು. ಮಧ್ಯಾಹ್ನದ ಮೇಲೆ ಬಿಸಿಲು ಬಟ್ಟೆ ಮೇಲೆ ಬೀಳುತ್ತೆ, ಪರದೆ ಎಳ್ಕೋ."

ಹಿಂದಿನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಒಂದು ಕಡೆ ಮಿಣುಕುತ್ತಿತ್ತು. ಅದರ ಕೆಳಗೆ ಕಪ್ಪು ಬಟ್ಟೆಯ ನೇಯ್ಗೆ ಯಾವ ಕಡೆಗೆ ಹೋಗಿದೆ ಅಂತ ಕಾಣಲು ಮೂಗು ತಾಗುವಷ್ಟು ಬಗ್ಗಬೇಕಾಯಿತು. ಮಾಸ್ತರಮ್ಮ ಒಮ್ಮೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಅಲ್ಲಿ ಬೇರೊಬ್ಬಳ ಬೆನ್ನು ಇತ್ತು. ಆಮೇಲೆ ಬಟ್ಟೆಯ ಮೇಲೆ ಎರಡೂ ಕೈ ಊರಿ ಈ ತುದಿಯಿಂದ ಆ ತುದಿಯವರೆಗೆ ಸುಕ್ಕು ತೀಡಿದಳು. ಕೈ ತೊಳೆದು ಬಾ ಅಂತ ಅಲ್ಲಿ ಯಾರೂ ಹೇಳಲಿಲ್ಲ.